ಫಿನೀಷಿಯಾ ಡೈನರ್: ಹಳೇ ಕೌಂಟರ್ ಉಳಿಸಿಕೊಂಡ ಹಳ್ಳಿ ಹೋಟೆಲ್

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ಕನ್ನಡದವರೇ, ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳಿಗೆ ಹೊರಟರೆ ಬೆಳಗಿನ ತಿಂಡಿ ಫಿನೀಷಿಯಾ ಡೈನರ್‌ನಲ್ಲೇ ಮಾಡಿ. ಡೈನರ್ ಅಂದರೆ ಉದ್ದ ಕೌಂಟರ್ ಇರುವ ಅಮೆರಿಕದ ಸಾದಾ ಹೋಟೆಲ್. ಕಿಂಗ್‌ಸ್ಟನ್ ಹತ್ತಿರ ಹೆದ್ದಾರಿ ಬಿಟ್ಟು 28ನೇ ರಸ್ತೆ ಹಿಡಿಯಿರಿ. ಅಶೋಕನ್ ಜಲಾಶಯ ದಾಟಿ ಮುಂದೆ ಹೋದರೆ ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಫಿನೀಷಿಯಾ ತೀರಾ ಚಿಕ್ಕ ಊರು. ಇರುವುದೇ ಕೆಲವು ನೂರು ಜನ.

1872ರಲ್ಲಿ ವಾಲ್ಟರ್ ಸ್ಕಾಟ್ ಎನ್ನುವವರು ಪ್ರಾವಿಡೆನ್ಸ್‌ನಲ್ಲಿ ಕುದುರೆ ಗಾಡಿ ನಿಲ್ಲಿಸಿ ರಾತ್ರಿ ಪಾಳಿಯವರಿಗೆ ತಿಂಡಿ ಮಾರಿದರು. ಡೈನರ್‌ಗಳ ಕಥೆ ಶುರುವಾಗುವುದು ಅಲ್ಲಿಂದ. ಮುಂದೆ ಕಾರ್ಖಾನೆಯಲ್ಲೇ ಇಡೀ ಹೋಟೆಲ್ ತಯಾರಿಸಿ ಸಾಗಿಸುವ ಕಾಲ ಬಂತು. ಫಿನೀಷಿಯಾದ್ದು 1962ರ ಡೈನರ್. ಮೊದಲು ಲಾಂಗ್ ಐಲೆಂಡ್‌ನಲ್ಲಿತ್ತು, 1980ರ ದಶಕದಲ್ಲಿ ಇಲ್ಲಿಗೆ ಬಂತು. 2011ರಲ್ಲಿ ಕೈ ಬದಲಾಗಿ, ನವೀಕರಣವಾಗಿ, 2012ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಹಳೇ ಹೋಟೆಲಿನ ನವೀಕರಣ ಅಂದರೆ ನನಗೆ ಭಯ. ತಿಪಟೂರು ಕಡೆ ನಮ್ಮೂರಿನ ಹೋಟೆಲೊಂದನ್ನು ದೊಡ್ಡದು ಮಾಡ್ತೀವಿ ಅಂತ ಕೆಂಪು ಗಾರೆ ನೆಲ ಒಡೆದು ಟೈಲ್ಸ್ ಹಾಕಿದರು. ಗಲ್ಲಾಪೆಟ್ಟಿಗೆ ಎದುರಿನ ಉದ್ದ ಬೆಂಚು ಕಿತ್ತರು. ಜಾಗವೇನೋ ಜಾಸ್ತಿ ಆಯ್ತು. ಆದರೆ ಬೈಟು ಕಾಫಿ ಹಿಡಿದು ಪೇಪರ್ ಓದುತ್ತಿದ್ದ ರೈತರು ಈಗ ಒಳಗೆ ಕಾಲಿಡುವುದಿಲ್ಲ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಹಾಗಾಗಿಲ್ಲ. ಉದ್ದ ಕೌಂಟರ್, ಸಾಲು ಸ್ಟೂಲು, ಕಿಟಕಿ ಪಕ್ಕದ ಎದುರುಬದುರು ಸೀಟಿನ ಬೂತು, ಎಲ್ಲಾ ಇವೆ. ಜನ ಹೆಚ್ಚಾದಾಗ ಹೊರಗೆ ಹುಲ್ಲಿನ ಮೇಲೂ ಮೇಜು ಹಾಕುತ್ತಾರೆ, ಎದುರಿಗೇ ಬೆಟ್ಟ. ನನ್ನ ಪಕ್ಕದ ಸ್ಟೂಲಲ್ಲಿ ಕೂತಿದ್ದವರ ಬೂಟಿಗೆ ಇನ್ನೂ ಹಸಿ ಮಣ್ಣು ಮೆತ್ತಿತ್ತು. ಅವರು ಬಾಯಿ ತೆಗೆಯುವ ಮೊದಲೇ ಕಪ್ಪಿಗೆ ಕಾಫಿ ಬಿತ್ತು. ಕೌಂಟರ್ ಉಳಿದರೆ ಊರವರೂ ಉಳಿಯುತ್ತಾರೆ, ಅಲ್ವಾ?

ಬದಲಾವಣೆ ಮಾಡಿರುವುದು ಅಡುಗೆಯಲ್ಲಿ. ಸುತ್ತಮುತ್ತಲ ತೋಟ, ಫಾರ್ಮ್‌ಗಳ ಪದಾರ್ಥ ಬಳಸುತ್ತಾರೆ. ನಾನು ತಿಂದದ್ದು ಮಜ್ಜಿಗೆ ಪ್ಯಾನ್‌ಕೇಕ್. ಅಂಚು ಗರಿಗರಿ, ನಡುವೆ ಸೆಟ್ ದೋಸೆಯ ಹಾಗೆ ಮೆತ್ತಗೆ, ತೂತು ತೂತು. ಸಣ್ಣ ಹುಳಿ ಇದೆ. ಹಾಗಾಗಿ ಮೇಪಲ್ ಸಿರಪ್ ಎಷ್ಟು ಸುರಿದರೂ ಮುಖ ಕಟ್ಟುವುದಿಲ್ಲ. ಒಂದು ತಟ್ಟೆ ಇಬ್ಬರಿಗೆ ಧಾರಾಳ.

ಸಸ್ಯಾಹಾರಿಗಳು ಆರ್ಡರ್ ಕೊಡುವಾಗ ಬಿಡಿಸಿ ಕೇಳಿ, ಬಾಣಲೆಯಲ್ಲೇ ತಂದಿಡುವ ಸ್ಕಿಲೆಟ್‌ಗಳಲ್ಲಿ ಮಾಂಸ, ಮೀನು ಇರುತ್ತವೆ. ಶನಿವಾರ, ಭಾನುವಾರ ಬೆಳಿಗ್ಗೆ ಜನ ಜಾಸ್ತಿ, ಆದಷ್ಟು ವಾರದ ದಿನ ಹೋಗಿ. ಬೇಸಿಗೆಯಾದರೆ ಬಟ್ಟೆ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಹತ್ತಿರದ ಇಸೋಪಸ್ ಹೊಳೆಯಲ್ಲಿ ಟ್ಯೂಬ್ ಮೇಲೆ ಕೂತು ತೇಲಬಹುದು. ಮಕ್ಕಳಂತೂ ನೀರು ಬಿಟ್ಟು ಬರುವುದಿಲ್ಲ.