ಯುಎಸ್‌ಬಿ ಫ್ಲಾಪಿ ಡ್ರೈವ್: ಕಾರವಾರದಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ

ಹಳೇ ಲೆಕ್ಕಪತ್ರ, ಡಿಟಿಪಿ ಫೈಲುಗಳು ಮೂರೂವರೆ ಇಂಚಿನ ಫ್ಲಾಪಿಯಲ್ಲೇ ಉಳಿದುಬಿಟ್ಟಿದ್ದರೆ ಈ ಡ್ರೈವ್ ಧಾರಾಳವಾಗಿ ಕೊಳ್ಳಬಹುದು. ಬೇರೆ ಕರೆಂಟ್ ಬೇಡ, ಯುಎಸ್‌ಬಿಗೆ ಚುಚ್ಚಿದರೆ ಸಾಕು. ಒಳ್ಳೆಯ ಡಿಸ್ಕಾದರೆ 1.44 ಎಂಬಿ ಪೂರ್ತಿ ಓದಲು ಹೆಚ್ಚುಕಡಿಮೆ ಒಂದು ನಿಮಿಷ.

ನಮ್ಮ ಕರಾವಳಿಯಲ್ಲಿ ತೊಂದರೆ ಕೊಡುವುದು ಬೂಷ್ಟು. ಡಿಸ್ಕ್ ಒಳಗೆ ಹಾಕುವ ಮೊದಲು ಲೋಹದ ಶಟರ್ ಸರಿಸಿ, ಹಿಂಬದಿಯ ಲೋಹದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಹಾಳೆಯ ಮೇಲೆ ಬೂದಿ ಎರಚಿದಂಥ ಬಿಳಿ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಹಾಕಲೇಬೇಡಿ. ಹಾರ್ಡ್ ಡಿಸ್ಕಿನಲ್ಲಿ ಓದುವ-ಬರೆಯುವ ಹೆಡ್ ತಟ್ಟೆಗೆ ತಾಗದೆ ತೇಲುತ್ತದೆ. ಫ್ಲಾಪಿಯ ಹೆಡ್ ಹಾಗಲ್ಲ, ನಿಮಿಷಕ್ಕೆ 300 ಸುತ್ತು ತಿರುಗುವ ಹಾಳೆಯನ್ನು ಎರಡೂ ಬದಿಯಿಂದ ಉಜ್ಜುತ್ತಲೇ ಇರುತ್ತದೆ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡರೆ ಮುಂದಿನ ಒಳ್ಳೆಯ ಡಿಸ್ಕಿಗೂ ಗೀರು ಬೀಳುತ್ತದೆ. 'ಕಿರ್' ಎಂಬ ಸದ್ದು ಬಂದರೆ ಕೂಡಲೇ ಹೊರತೆಗೆಯಿರಿ.

ಬೂಷ್ಟು ತೆಗೆಯುವುದು ತಾಳ್ಮೆಯ ಕೆಲಸ. ಮೊದಲು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಿಸ್ಕನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಎರಡು ದಿನ ಇಡಿ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ. ಆಮೇಲೆ ಎಳೆ ಬಿಡದ ಬಟ್ಟೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಹಾಕಿ, ಬಿಲ್ಲೆ ತಿರುಗಿಸುತ್ತಾ ಎರಡೂ ಬದಿ ಹಗುರವಾಗಿ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ನಿಲ್ಲಿಸಿ: ಅಕ್ಷರಗಳನ್ನು ಹಿಡಿದಿಟ್ಟ ಆಕ್ಸೈಡ್ ಪದರವೇ ಎದ್ದು ಬರುತ್ತಿದೆ. ಪೂರ್ತಿ ಆರದೆ ಡ್ರೈವಿಗೆ ಹಾಕಬಾರದು. ಸಡಿಲಾದ ಲೇಬಲ್ಲನ್ನೂ ಮೊದಲೇ ಕಿತ್ತುಬಿಡಿ. ಥಂಡಿಗೆ ಅಂಟು ಬಿಟ್ಟು ಡ್ರೈವಿನೊಳಗೆ ಸುರುಳಿಯಾಗುತ್ತದೆ.

ಓದುವ ಮುಂಚೆ ಮೂಲೆಯ ಪುಟ್ಟ ಗುಂಡಿ ಸರಿಸಿ ತೂತು ತೆರೆದಿಡಿ, ಆಗ ತಪ್ಪಿಯೂ ಡಿಸ್ಕಿನ ಮೇಲೆ ಬರೆಯಲಾಗದು. ವಿಂಡೋಸ್ 'ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳಿದರೆ ಬೇಡ ಅನ್ನಿ. ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡುತ್ತಾ ಕೂರಬೇಡಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ಪಡಿಯಚ್ಚು) ತೆಗೆಯಿರಿ: 512 ಬೈಟಿನ 2,880 ಸೆಕ್ಟರ್ (ತುಣುಕು), ಒಟ್ಟು 14,74,560 ಬೈಟ್. ಓದಲಾಗದ ಸೆಕ್ಟರನ್ನು ಅದು ಗುರುತಿಟ್ಟುಕೊಂಡು ಮುಂದೆ ಹೋಗುತ್ತದೆ. ಹೆಡ್ ಒರೆಸಿ ಮತ್ತೆ ಓಡಿಸಿದರೆ ಅಷ್ಟನ್ನೇ ಓದಲು ನೋಡುತ್ತದೆ. ಹೆಡ್ಡಿಗೆ ಕ್ಲೀನಿಂಗ್ ಡಿಸ್ಕ್ ಬಳಸಿ. ಮೇಲಿನ ಹೆಡ್ ಹಿಡಿದಿರುವ ತೋಳು ಬಲು ನಾಜೂಕು, ಕೈಯಿಂದ ಎತ್ತಿದರೆ ಮತ್ತೆ ಸರಿಯಾಗಿ ಕೂರದು.

ತೆರೆದ ಕನ್ನಡ ಫೈಲಿನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಡಿಸ್ಕ್ ಕೆಟ್ಟಿತೆಂದು ಎಸೆಯಬೇಡಿ. ಅದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಕನ್ನಡದಲ್ಲಿ ಬಳಕೆಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶದಲ್ಲಿ ಟೈಪಿಸಿದ್ದಿರಬಹುದು. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ, ಪರಿವರ್ತಕದಲ್ಲಿ ಯುನಿಕೋಡಿಗೂ ತರಬಹುದು.

ಐದೂಕಾಲು ಇಂಚಿನ ಡಿಸ್ಕ್ ಇದ್ದವರಿಗೆ ಮಾತ್ರ ಇದು ಉಪಯೋಗವಿಲ್ಲ. ಅದಕ್ಕೆ ಆ ಕಾಲದ ಡ್ರೈವ್, ಜೊತೆಗೆ ಗ್ರೀಸ್‌ವೀಝಲ್‌ನಂಥ ಆ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಬೋರ್ಡ್ ಬೇಕು.