ಬೆನ್ನಿಗೆ ದೊಡ್ಡ ಬ್ಯಾಗ್ ಇದ್ದಾಗ ಕ್ಯಾಮೆರಾ ಎಲ್ಲಿರಬೇಕು? ಹೆಗಲಪಟ್ಟಿಯ ಹೋಲ್‌ಸ್ಟರ್ ಕ್ಲಿಪ್ ಬಗ್ಗೆ

ಮೊದಲೇ ನನ್ನ ತೀರ್ಪು ಹೇಳಿಬಿಡುತ್ತೇನೆ. ಟ್ರೆಕ್ಕಿಂಗ್ ಬ್ಯಾಗ್ ಹಾಕಿಕೊಂಡು ಸಹ್ಯಾದ್ರಿಯ ಕೋಟೆ ಹತ್ತುವವರು ಕ್ಯಾಮೆರಾವನ್ನು ಸೊಂಟಕ್ಕೆ ಕಟ್ಟಬೇಡಿ, ಕೊರಳಿಗೂ ಹಾಕಿಕೊಳ್ಳಬೇಡಿ. ಬ್ಯಾಗಿನ ಎಡ ಹೆಗಲಪಟ್ಟಿಗೆ ಬಿಗಿದು ಕ್ಯಾಮೆರಾ ಸಿಕ್ಕಿಸಿಡುವ ಲೋಹದ ಕ್ಲಿಪ್ ತಗೊಳ್ಳಿ. ಆದರೆ ಅದಕ್ಕೂ ಮುಂಚೆ ನಿಮ್ಮ ಬ್ಯಾಗ್ ಸರಿ ಇದೆಯಾ ನೋಡಿ. ಬ್ಯಾಗ್ ಸರಿ ಇಲ್ಲದಿದ್ದರೆ ಎಂಥ ಒಳ್ಳೆ ಕ್ಲಿಪ್ ಆದರೂ ಮಧ್ಯಾಹ್ನದೊಳಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ನಾನಿರುವುದು ಪುಣೆಯಲ್ಲಿ, ಊರು ಧಾರವಾಡದ ಕಡೆ. ಇಲ್ಲಿ ಕನ್ನಡದವರೇ ಸೇರಿಕೊಂಡು ಮಾಡಿದ ಒಂದು ಸಣ್ಣ ಟ್ರೆಕ್ ಗುಂಪಿದೆ. ಬೆಳಗಿನ ಜಾವ ಕಾತ್ರಜ್ ದಾಟಿ, ನಮ್ಮ ಬೆಳಗಾವಿ, ಹುಬ್ಬಳ್ಳಿ ಬಸ್ಸುಗಳು ಓಡುವ ಅದೇ ಹೆದ್ದಾರಿಯಲ್ಲಿ ನಸರಾಪುರದವರೆಗೆ ಹೋಗಿ, ಅಲ್ಲಿಂದ ಬಲಕ್ಕೆ ತಿರುಗಿದರೆ ರಾಜಗಡ, ತೋರಣ ಎರಡೂ ಕೋಟೆಗಳಿಗೆ ದಾರಿ. ರಜೆ ಉದ್ದ ಇದ್ದರೆ ಹರಿಶ್ಚಂದ್ರಗಡ, ಕಳಸೂಬಾಯಿ. ಈ ಕ್ಲಿಪ್ ಅಲ್ಲೆಲ್ಲ ಬಂದಿದೆ. ಮಳೆ, ಮಂಜು, ಏಪ್ರಿಲ್‌ನ ಬಿಸಿಲು, ಧೂಳು ಎಲ್ಲ ನೋಡಿದೆ.

ನನ್ನ ಕ್ಯಾಮೆರಾ ಕ್ಯಾನನ್ ಆರ್6 ಮಾರ್ಕ್ 2. ಬ್ಯಾಟರಿ, ಕಾರ್ಡ್ ಸೇರಿ 670 ಗ್ರಾಂ. ಅದಕ್ಕೆ ಹಾಕುವ 24-105 ಎಫ್4 ಲೆನ್ಸ್ 700 ಗ್ರಾಂ. ಹತ್ತಿರ ಹತ್ತಿರ ಒಂದೂವರೆ ಕಿಲೋ. ಕೈಯಲ್ಲಿ ಹಿಡಿದರೆ ಏನೂ ಅನ್ನಿಸಲ್ಲ. ದಿನವಿಡೀ ಮೈಮೇಲೆ ಒಂದೇ ಕಡೆ ಜೋತುಬಿದ್ದರೆ ಮಾತ್ರ ಅದರ ಭಾರ ಏನಂತ ಗೊತ್ತಾಗುತ್ತದೆ.

ಸೊಂಟ ಯಾಕೆ ಬೇಡ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆ ಟ್ರೆಕ್ಕಿಂಗ್ ಬ್ಯಾಗಿನ ಭಾರ ಹೆಗಲ ಮೇಲೆ ಕೂರಬಾರದು. ಹಿಪ್ ಬೆಲ್ಟ್ ಸೊಂಟದ ಮೂಳೆಯ ಮೇಲಂಚನ್ನು ಹಿಡಿದು ಕೂತು, ಭಾರದ ಬಹುಪಾಲನ್ನು ಕಾಲುಗಳಿಗೆ ದಾಟಿಸಬೇಕು. ಅಂದರೆ ಸೊಂಟದ ಸುತ್ತಲಿನ ಆ ಪಟ್ಟಿ ಜಾಗ ಪೂರ್ತಿ ಬ್ಯಾಗಿನದು. ಅಲ್ಲೇ ಇನ್ನೊಂದು ಬೆಲ್ಟ್ ಕಟ್ಟಿ ಕ್ಯಾಮೆರಾ ಚೀಲ, ಅಂದರೆ ಹೋಲ್‌ಸ್ಟರ್ ನೇತುಹಾಕಿದರೆ ಎರಡು ಬೆಲ್ಟುಗಳ ಜಗಳ ಶುರುವಾಗುತ್ತದೆ. ಒಂದು ಬಿಗಿ ಮಾಡಿದರೆ ಇನ್ನೊಂದು ಸಡಿಲ. ಬಕಲ್ ಮೇಲೆ ಬಕಲ್ ಬಂದು ಹೊಟ್ಟೆಗೆ ಒತ್ತುತ್ತದೆ. ಇನ್ನು ನಮ್ಮ ಕೋಟೆಗಳ ಮೆಟ್ಟಿಲು ಗೊತ್ತಲ್ಲ, ಮನೆ ಮೆಟ್ಟಿಲಿನ ಎರಡರಷ್ಟು ಎತ್ತರ. ಪ್ರತಿ ಸಲ ಕಾಲೆತ್ತಿದಾಗ ತೊಡೆ ಹೋಗಿ ಕ್ಯಾಮೆರಾಕ್ಕೆ ಬಡಿಯುತ್ತದೆ. ಗುಂಪಿನ ಗೆಳೆಯರೊಬ್ಬರು ಸೊಂಟದ ಹೋಲ್‌ಸ್ಟರ್ ಕೊಟ್ಟಿದ್ದರು. ಲೋಹಗಡದ ಮೆಟ್ಟಿಲು ಮುಗಿಯುವ ಹೊತ್ತಿಗೆ ಅದನ್ನು ಬಿಚ್ಚಿ ಬ್ಯಾಗಿನೊಳಗೆ ಇಟ್ಟಾಗಿತ್ತು.

ಈ ತೊಂದರೆ ನಮ್ಮದಷ್ಟೇ ಅಲ್ಲ. ಹೋಲ್‌ಸ್ಟರ್ ಅನ್ನೋದು ಮೂಲದಲ್ಲಿ ಕೈಬಂದೂಕಿನ ಚೀಲ ಅಲ್ವಾ? ಅಲಾಸ್ಕಾದಂಥ ಕಡೆ ಕರಡಿ ಇರುವ ಕಾಡಲ್ಲಿ ನಡೆಯುವವರಿಗೆ ಇದೇ ಪ್ರಶ್ನೆ ಬಂದಿದೆ. ಬ್ಯಾಗಿನ ಹಿಪ್ ಬೆಲ್ಟ್ ಹಾಕಿದ ಮೇಲೆ ಸೊಂಟದ ಪಿಸ್ತೂಲು ಅದರಡಿ ಸಿಕ್ಕಿಕೊಳ್ಳುತ್ತದೆ, ಬೇಕಾದಾಗ ಕೈಗೆ ಬರಲ್ಲ. ಅದಕ್ಕೇ ಅವರಲ್ಲಿ ಬಹಳ ಜನ ಎದೆಯ ಮೇಲೆ ಅಡ್ಡ ಕೂರುವ ಹೋಲ್‌ಸ್ಟರ್ ಹಾಕುತ್ತಾರೆ. ಬ್ಯಾಗ್ ತೆಗೆದಿಟ್ಟು ನೀರು ತರಲು ಹೋದರೂ ಅದು ಮೈಮೇಲೇ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕ್ ಸೈನಿಕರೂ ಇದನ್ನೇ ಮಾಡಿದ್ದರು. ಇಕ್ಕಟ್ಟಾದ ಟ್ಯಾಂಕಿನೊಳಗೆ ಸೊಂಟದ ಪಿಸ್ತೂಲು ಎಲ್ಲದಕ್ಕೂ ತಗಲುತ್ತದೆ ಅಂತ ಅದನ್ನು ಎದೆಯ ಮೇಲೆ ತಂದುಕೊಂಡರು. ಇದನ್ನೆಲ್ಲ ನನಗೆ ಮೊದಲು ಹೇಳಿದವರು ನಮ್ಮ ಗುಂಪಿನಲ್ಲಿರುವ, ಬೆಳಗಾವಿ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಹೋಲ್‌ಸ್ಟರ್ ಒಳ್ಳೆಯದಾ ಕೆಟ್ಟದ್ದಾ ಅಂತ ನೋಡಲು ಅವರು ಮೂರೇ ಪ್ರಶ್ನೆ ಕೇಳುತ್ತಾರೆ. ತಲೆಕೆಳಗಾದರೂ ಬೀಳದಂತೆ ಹಿಡಿಯುತ್ತದಾ? ನೋಡದೆ ಒಂದೇ ಸಲಕ್ಕೆ ಕೈಗೆ ಬರುತ್ತದಾ? ಓಡಿದರೆ ಅಲುಗಾಡದೆ ಇರುತ್ತದಾ? ಕ್ಯಾಮೆರಾಕ್ಕೂ ಇದಕ್ಕಿಂತ ಒಳ್ಳೆ ಪರೀಕ್ಷೆ ನಾನು ಕಂಡಿಲ್ಲ.

ಒಂದು ಮಾತು ಇಲ್ಲೇ ಹೇಳುತ್ತೇನೆ, ಯಾಕೆಂದರೆ ಹೊಸಬರು ಇದನ್ನು ಕೇಳುತ್ತಾರೆ. ನಮ್ಮಲ್ಲಿ ಚಿರತೆ ಭಯ ಅಂತ ಬಂದೂಕು ಹಿಡಿದು ಟ್ರೆಕ್‌ಗೆ ಹೋಗುವ ಮಾತೇ ಇಲ್ಲ. ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇದ್ದರೂ ಅಭಯಾರಣ್ಯದೊಳಗೆ ಆಯುಧ ಒಯ್ಯಬೇಕಾದರೆ 1972ರ ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅವರ ಲಿಖಿತ ಅನುಮತಿ ಬೇಕು. ಹರಿಶ್ಚಂದ್ರಗಡ, ಕಳಸೂಬಾಯಿ, ಭೀಮಾಶಂಕರ ಎಲ್ಲ ಅಭಯಾರಣ್ಯದ ಜಾಗಗಳೇ. ಗುಂಪಾಗಿ ನಡೆಯಿರಿ, ಕತ್ತಲಾದ ಮೇಲೆ ಕಾಡಲ್ಲಿ ಒಬ್ಬೊಬ್ಬರೇ ಸುತ್ತಬೇಡಿ. ಅಷ್ಟು ಸಾಕು.

ಈಗ ಕ್ಲಿಪ್‌ಗೆ ಬರೋಣ. ಅಮೆರಿಕದ ಪೀಕ್ ಡಿಸೈನ್ ಕಂಪನಿ 2011ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಿ ಈ ಬಗೆಯ ಕ್ಲಿಪ್ ತಂದಿತು. ಈಗ ಅದೇ ಮಾದರಿಯನ್ನು ಬೇರೆ ಬೇರೆಯವರು ಮಾಡುತ್ತಾರೆ. ನಾನು ಬರೆಯುತ್ತಿರುವುದು ಒಂದು ಕಂಪನಿಯ ಬಗ್ಗೆ ಅಲ್ಲ, ಈ ಮಾದರಿಯ ಬಗ್ಗೆ. ಎರಡು ಲೋಹದ ತುಂಡುಗಳ ನಡುವೆ ಹೆಗಲಪಟ್ಟಿಯನ್ನು ಇಟ್ಟು ಎರಡು ಬೋಲ್ಟ್‌ಗಳಿಂದ ಬಿಗಿಯುವುದು. ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಒಂದು ಚೌಕ ಪ್ಲೇಟ್ ಹಾಕುವುದು. ಪ್ಲೇಟನ್ನು ಮೇಲಿಂದ ಕ್ಲಿಪ್ಪಿನೊಳಗೆ ಜಾರಿಸಿದರೆ ಟಕ್ ಅಂತ ಕೂರುತ್ತದೆ, ಲೆನ್ಸ್ ನೆಲ ನೋಡುತ್ತಾ ನೇತಾಡುತ್ತದೆ. ತೆಗೆಯುವಾಗ ಎಡ ಹೆಬ್ಬೆರಳಲ್ಲಿ ಬಟನ್ ಒತ್ತಿ, ಬಲಗೈಯಲ್ಲಿ ಗ್ರಿಪ್ ಹಿಡಿದು ಮೇಲಕ್ಕೆ ಎಳೆದರೆ ಆಯ್ತು. ಬಲಗೈ ರೂಢಿಯವರು ಎಡ ಪಟ್ಟಿಗೇ ಹಾಕಬೇಕು. ಬಲ ಪಟ್ಟಿಗೆ ಹಾಕಿದರೆ ಮಣಿಕಟ್ಟು ತಿರುಚಿ ತೆಗೆಯಬೇಕಾಗುತ್ತದೆ.

ಹವಾಲ್ದಾರರ ಮೂರು ಪ್ರಶ್ನೆಯಲ್ಲಿ ಎರಡಕ್ಕೆ ಇದು ಚೆನ್ನಾಗಿ ಉತ್ತರ ಕೊಡುತ್ತದೆ. ಬಗ್ಗಿ ಶೂ ಲೇಸ್ ಕಟ್ಟಿದರೂ, ಕಳಸೂಬಾಯಿಯ ಕಬ್ಬಿಣದ ಏಣಿಗಳ ಮೇಲೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಹತ್ತಿದರೂ ಕ್ಯಾಮೆರಾ ಅಲ್ಲೇ ಇರುತ್ತದೆ. ಬಟನ್ ತಿರುಗಿಸಿ ಲಾಕ್ ಮಾಡುವ ವ್ಯವಸ್ಥೆ ಇರುವ ಕ್ಲಿಪ್ಪನ್ನೇ ತಗೊಳ್ಳಿ. ಏಣಿಯ ಮೇಲೆ ಮುಂದಿನವರ ಬ್ಯಾಗ್ ತಗುಲಿ ಬಟನ್ ಒತ್ತಿಹೋಗುವ ಸಾಧ್ಯತೆ ಇದ್ದೇ ಇದೆ. ಕೈಗೆ ಬರುವ ವಿಷಯದಲ್ಲಂತೂ ಇದಕ್ಕೆ ಸಾಟಿಯಿಲ್ಲ. ಹರಿಶ್ಚಂದ್ರಗಡದ ಕಡಿದಾದ ಬಂಡೆ ಕೊಂಕಣ ಕಡಾದ ಅಂಚಿನಲ್ಲಿ ಮಂಜು ಸರಿದು ಕೆಳಗಿನ ಕೊಂಕಣ ಕಾಣುವುದು ಕೆಲವೇ ಕ್ಷಣ. ಬ್ಯಾಗ್ ಇಳಿಸಿ, ಜಿಪ್ ತೆಗೆದು, ಬಟ್ಟೆಯಡಿಯಿಂದ ಕ್ಯಾಮೆರಾ ಹುಡುಕುವಷ್ಟರಲ್ಲಿ ಮತ್ತೆ ಎಲ್ಲ ಬೆಳ್ಳಗಾಗಿರುತ್ತದೆ. ಕ್ಲಿಪ್ ಬಂದ ಮೇಲೆ ನಾನು ಅಂಥ ಚಿತ್ರ ತೆಗೆದಿದ್ದೇನೆ. ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು ಅನ್ನಿಸಿದೆ.

ಮೂರನೇ ಪ್ರಶ್ನೆ, ಅಲುಗಾಡುವುದು. ಇಲ್ಲಿ ಕ್ಲಿಪ್ಪಿನ ಕೈಯಲ್ಲಿ ಏನೂ ಇಲ್ಲ, ಎಲ್ಲ ಬ್ಯಾಗಿನ ಕೈಯಲ್ಲಿದೆ. ಹೆಗಲಪಟ್ಟಿ ತೆಳ್ಳಗೆ ಮೆತ್ತಗಿದ್ದರೆ ಕ್ಯಾಮೆರಾ ಪಟ್ಟಿಯನ್ನೇ ಮುಂದಕ್ಕೆ ಎಳೆದುಕೊಂಡು ತೂಗುತ್ತದೆ, ಪ್ರತಿ ಹೆಜ್ಜೆಗೂ ಲೆನ್ಸ್ ಪಕ್ಕೆಲುಬಿಗೆ ಬಡಿಯುತ್ತದೆ. ಪಟ್ಟಿ ತೀರಾ ದಪ್ಪ ಇದ್ದರೆ ಬೋಲ್ಟ್ ತಲುಪುವುದೇ ಇಲ್ಲ. ಪಟ್ಟಿ ಒಂದೂವರೆ ಸೆಂಟಿಮೀಟರ್‌ಗಿಂತ ದಪ್ಪ ಇದ್ದರೆ ಬಿಗಿಯುವುದು ಕಷ್ಟ ಅಂತ ಇಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಸುಮ್ನೆ ಬ್ಯಾಗನ್ನೇ ಹಾಕಿಕೊಂಡು ಹೋಗಿ. ಅದೂ ಖಾಲಿ ಬ್ಯಾಗ್ ಅಲ್ಲ, ನೀರು, ಬಟ್ಟೆ ತುಂಬಿದ ಬ್ಯಾಗ್.

ಕ್ಲಿಪ್ ಕೂರುವ ಎತ್ತರವೂ ಮುಖ್ಯ. ಕೊರಳಿನ ಹತ್ತಿರ ಹಾಕಿದರೆ ಗದ್ದಕ್ಕೆ ತಗಲುತ್ತದೆ. ತುಂಬ ಕೆಳಗೆ ಹಾಕಿದರೆ ಹೆಜ್ಜೆ ಇಡುವ ಜಾಗ ಕಾಣಲ್ಲ. ಎದೆಪಟ್ಟಿ ಸೇರುವ ಜಾಗದಿಂದ ಎರಡು ಬೆರಳು ಮೇಲೆ ನನಗೆ ಸರಿಹೋಗಿದೆ. ಎದೆಪಟ್ಟಿ ಬಿಗಿದಾಗ ಎರಡು ಹೆಗಲಪಟ್ಟಿಗಳೂ ಒಳಕ್ಕೆ ಬಂದು ಕ್ಯಾಮೆರಾ ಎದೆಗೆ ಒತ್ತಿ ನಿಲ್ಲುತ್ತದೆ. ಆದರೂ ಎಡಗಡೆ ಒಂದೂವರೆ ಕಿಲೋ ಜಾಸ್ತಿ ಇದ್ದೇ ಇದೆಯಲ್ಲ. ಅದಕ್ಕೆ ಬಲಗಡೆಯ ಪಕ್ಕದ ಜೇಬಿನಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇಡುತ್ತೇನೆ. ನೀರು ಕುಡಿಯುತ್ತಾ ಹೋದಂತೆ ತೂಕ ಮತ್ತೆ ಎಡಕ್ಕೆ ವಾಲುತ್ತದೆ, ಆಗ ಒಳಗಿನ ತುಂಬಿದ ಬಾಟಲಿ ಹೊರಗೆ ಬರುತ್ತದೆ. ಹೆಗಲ ಮೇಲಿನಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿಗಳಿರುತ್ತವೆ. ಬಹಳ ಜನ ಅವನ್ನು ಮುಟ್ಟುವುದೇ ಇಲ್ಲ. ಎಡಗಡೆಯದನ್ನು ಸ್ವಲ್ಪ ಎಳೆದು ಬಿಗಿ ಮಾಡಿದರೆ ಕುತ್ತಿಗೆಯ ಬುಡದ ನೋವು ಅರ್ಧಕ್ಕರ್ಧ ಇಳಿಯುತ್ತದೆ.

ಇಳಿಯುವಾಗ ನೋಡದೆ ಯಾವ ಹೋಲ್‌ಸ್ಟರ್ ಬಗ್ಗೆಯೂ ತೀರ್ಪು ಕೊಡಬೇಡಿ. ರಾಜಗಡದ ಚೋರ್ ದರ್ವಾಜಾ ಇದಕ್ಕೆ ಒಳ್ಳೆ ಜಾಗ. 2025ರ ಜುಲೈಯಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ರಾಜಗಡವೂ ಒಂದು, ಅದರ ನಂತರ ಜನ ಇನ್ನೂ ಜಾಸ್ತಿ. ಗುಂಜವಣೆಯಿಂದ ಬರುವ ದಾರಿ ಕೊನೆಗೆ ಬಂಡೆಗೆ ಅಂಟಿಕೊಂಡು ನೇರ ಮೇಲಕ್ಕೆ ಹೋಗುತ್ತದೆ. ಹಿಡಿಯಲು ಕಬ್ಬಿಣದ ಕಂಬಿ, ಕೊನೆಯಲ್ಲಿ ಬಗ್ಗಿ ನುಸುಳಬೇಕಾದ ಸಣ್ಣ ಬಾಗಿಲು. ಇಳಿಯುವಾಗ ಬಂಡೆಗೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯಬೇಕು. ಆಗ ಎದೆಯ ಮೇಲಿರುವ ಯಾವುದಾದರೂ ಸರಿ, ಕಲ್ಲಿಗೆ ಉಜ್ಜುತ್ತದೆ. ನನ್ನ ಲೆನ್ಸ್ ತುದಿಗೆ ಸಿಕ್ಕಿಸುವ ಬಳೆ, ಅಂದರೆ ಲೆನ್ಸ್ ಹುಡ್‌ನ ಅಂಚಿನಲ್ಲಿ ಕಪ್ಪು ಬಣ್ಣ ಹೋಗಿ ಬೂದು ಗೀರುಗಳಾಗಿವೆ, ಗಾಜಿಗೆ ಏನೂ ಆಗಿಲ್ಲ. ಹುಡ್ ಇಲ್ಲದೆ ಈ ಕ್ಲಿಪ್ ಬಳಸಲೇಬೇಡಿ. ಎರಡೂ ಕೈ ಬೇಕಾಗುವ ಕಡೆ ನಾನೀಗ ಐದು ನಿಮಿಷ ನಿಂತು ಕ್ಯಾಮೆರಾವನ್ನು ಬ್ಯಾಗಿನೊಳಗೆ ಹಾಕಿಬಿಡುತ್ತೇನೆ. ಹಿಂದಿನವರು ಕಾಯಲಿ, ಪರವಾಗಿಲ್ಲ. ಅಲ್ಲಿ ಪ್ರಾಣ ದೊಡ್ಡದು, ಫೋಟೋ ಅಲ್ಲ.

ಎದೆಗೆ ಕಟ್ಟುವ ಪೂರ್ತಿ ಜಾಕೆಟ್ ತರಹದ್ದನ್ನೂ ಕೆಲವರು ಕೇಳುತ್ತಾರೆ. ಭಾರ ಎರಡೂ ಹೆಗಲಿಗೆ ಸಮ ಹಂಚುತ್ತದೆ, ಅದು ನಿಜ. ಆದರೆ ಬ್ಯಾಗಿನ ಪಟ್ಟಿಗಳಡಿ ಇನ್ನೊಂದು ಜೊತೆ ಪಟ್ಟಿ ಬಂದು ಬೆವರು ಆರುವುದೇ ಇಲ್ಲ. ಕ್ಯಾಮೆರಾ ನಡು ಎದೆಯಲ್ಲಿ ಉಬ್ಬಿ ನಿಂತು ಪಾದವೇ ಕಾಣಲ್ಲ. ಮೈಸೂರು, ಮಡಿಕೇರಿಯ ತಂಪಿನಲ್ಲಿ ಸರಿಹೋಗಬಹುದು, ಮಾರ್ಚ್ ದಾಟಿದ ಪುಣೆಗೆ ಅಲ್ಲ.

ಸವೆತ, ಜೋಪಾನದ ಬಗ್ಗೆ. ಪ್ಲೇಟಿನ ಸ್ಕ್ರೂ ನಡಿಗೆಯ ಕಂಪನಕ್ಕೆ ನಿಧಾನಕ್ಕೆ ಸಡಿಲವಾಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ ನೋಡುವುದು ರೂಢಿಯಾಗಬೇಕು. ಕೀಯನ್ನು ಬ್ಯಾಗಿನ ಹಿಡಿಗೇ ಕಟ್ಟಿಡಿ. ಇದರ ಜೊತೆ ಕ್ಯಾಮೆರಾದ ಕೊಂಡಿಯಿಂದ ಬ್ಯಾಗಿಗೆ ಒಂದು ಗಟ್ಟಿ ದಾರ ಇರಲಿ. ಗುಂಪಿನಲ್ಲಿ ಒಬ್ಬರು ತಂದ ಅಗ್ಗದ ಕ್ಲಿಪ್ಪಿನ ಸ್ಪ್ರಿಂಗ್ ತೋರಣದ ದಾರಿಯಲ್ಲಿ ಸಿಕ್ಕಿಕೊಂಡು, ಪ್ಲೇಟ್ ಅರ್ಧ ಮಾತ್ರ ಕೂತಿತ್ತು. ಕ್ಯಾಮೆರಾ ಜಾರಿತು, ದಾರ ಹಿಡಿಯಿತು. ಟಕ್ ಅನ್ನುವ ಸದ್ದು ಕೇಳಿದ ಮೇಲೂ ಒಮ್ಮೆ ಕೆಳಗಿನಿಂದ ಮೇಲಕ್ಕೆ ಒತ್ತಿ ನೋಡಿ, ಬರದಿದ್ದರೆ ಮಾತ್ರ ಕೈ ಬಿಡಿ.

ಧೂಳು, ಕೆಸರು ಒಳಗೆ ಹೋದರೆ ಬಟನ್ ಗರಗರ ಅನ್ನುತ್ತದೆ. ಹಳೆ ಟೂತ್‌ಬ್ರಷ್, ಬರೀ ನೀರು ಸಾಕು. ಎಣ್ಣೆ ಹಾಕಬೇಡಿ, ಎಣ್ಣೆ ಇನ್ನಷ್ಟು ಧೂಳು ಹಿಡಿಯುತ್ತದೆ.

ಮಳೆಗಾಲದಲ್ಲಿ ಈ ಕ್ಲಿಪ್ಪಿನ ಉಪಯೋಗ ಕಡಿಮೆ. ಬ್ಯಾಗಿನ ರೇನ್ ಕವರ್ ಬ್ಯಾಗನ್ನು ಮುಚ್ಚುತ್ತದೆ, ಎದೆಯ ಮೇಲಿನ ಕ್ಯಾಮೆರಾವನ್ನು ಅಲ್ಲ. ತುಂತುರಿಗೆ ನಾನು ಪ್ಲಾಸ್ಟಿಕ್ ಶವರ್ ಕ್ಯಾಪ್ ಹಾಕುತ್ತೇನೆ, ಎಲಾಸ್ಟಿಕ್ ಇರುವುದರಿಂದ ಸರಿಯಾಗಿ ಕೂರುತ್ತದೆ, ಒಂದೇ ಕೈಯಲ್ಲಿ ತೆಗೆಯಬಹುದು. ಜುಲೈಯ ಜಡಿಮಳೆಗೆ ಅದೂ ಸಾಲದು, ಆಗ ನೀರು ಒಳಗೆ ಹೋಗದ ಡ್ರೈ ಬ್ಯಾಗ್ ಒಂದೇ ಗತಿ. ಮನೆಗೆ ಬಂದ ರಾತ್ರಿಯೇ ಕ್ಯಾಮೆರಾ ಒರೆಸಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಲೆನ್ಸ್ ಒಳಗೆ ಫಂಗಸ್ ಬರುತ್ತದೆ. ಪುಣೆಗಿಂತ ಮುಂಬೈ, ಗೋವಾದಲ್ಲಿರುವವರಿಗೆ ಈ ಕಾಟ ಇನ್ನೂ ಹೆಚ್ಚು.

ಇನ್ನು ಯಾರಿಗೆ ಇದು ಬೇಡ? ಫೋನಿನಲ್ಲೇ ಫೋಟೋ ತೆಗೆಯುವವರಿಗೆ ಬೇಡ. ಹಕ್ಕಿ ಫೋಟೋದವರಿಗೂ ಬೇಡ. ದೂರದ್ದನ್ನು ಹತ್ತಿರ ತೋರಿಸುವ 100-500ರಂಥ ಲೆನ್ಸ್ ಒಂದೇ 1.3 ಕಿಲೋ ದಾಟುತ್ತದೆ, ಉದ್ದವೂ ಜಾಸ್ತಿ, ಹೆಗಲಪಟ್ಟಿಗೆ ನೇತುಹಾಕಿದರೆ ಹೊಟ್ಟೆಗೆ ಗುದ್ದುತ್ತದೆ. ಫ್ಲೆಮಿಂಗೊ ನೋಡಲು ಉಜನಿ ಹಿನ್ನೀರಿನ ಭಿಗವಣಕ್ಕೆ ಹೋಗುವವರು ದೋಣಿಯಲ್ಲಿ ಕೂತಿರುತ್ತಾರೆ, ಬೆನ್ನಿಗೆ ದೊಡ್ಡ ಬ್ಯಾಗ್ ಇರುವುದಿಲ್ಲ. ಅವರಿಗೆ ಅಡ್ಡ ಹಾಕುವ ಅಗಲ ಪಟ್ಟಿಯ ಸ್ಲಿಂಗ್ ಸಾಕು, ಅದರ ಬೆಲೆಯೂ ಕಡಿಮೆ.