ಒಂದೇ ಪ್ರಯಾಣಕ್ಕೆ ಎರಡು ಬೇರೆ ಬೇರೆ ಟಿಕೆಟ್ ತಗೋಳೋರು ದಯವಿಟ್ಟು ಓದಿ

ಫಾರಿನ್‌ಗೆ ಹೋಗೋಕೆ ಟಿಕೆಟ್ ಬುಕ್ ಮಾಡ್ತಿರೋರು ಇದನ್ನ ಓದಿ ಆಮೇಲೆ ದುಡ್ಡು ಕಟ್ಟಿ. ಹೋದ ತಿಂಗಳು ನಾನೂ ಅಮ್ಮನೂ ಅಕ್ಕನ ಮನೆಗೆ ಹೊರಟಿದ್ವಿ. ಅಕ್ಕ ಆ ದೇಶಕ್ಕೆ ಹೋಗಿ 9 ವರ್ಷ ಆಯ್ತು, ಒಂದ್ಸಲ ವೀಸಾ ರಿಜೆಕ್ಟ್ ಆಯ್ತು, ಇನ್ನೊಂದ್ಸಲ ಅಮ್ಮನ ಮಂಡಿ ಆಪರೇಷನ್ ಬಂತು, ಅಂತೂ ಇಂತೂ ಈ ಸಲ ಅಕ್ಕನ ಮಗಳ ಕಾನ್ವೊಕೇಶನ್ ನೋಡೋಕೆ ಅಂತ ಎಲ್ಲ ಕೂಡಿ ಬಂದಿತ್ತು. ಅಮ್ಮ ಅಂತೂ ಕ್ಯಾಲೆಂಡರ್‌ನಲ್ಲಿ ದಿನಾ ಗೀಟು ಹಾಕ್ತಾ ಇದ್ರು.

ನಾನು ಮಾಡಿದ ತಪ್ಪು ಬುಕಿಂಗ್ ದಿನವೇ ಆಗಿತ್ತು. ನಮ್ಮೂರಿಂದ ದೊಡ್ಡ ಏರ್‌ಪೋರ್ಟ್‌ಗೆ ಒಂದು ಏರ್‌ಲೈನ್, ಅಲ್ಲಿಂದ ಹೊರದೇಶಕ್ಕೆ ಇನ್ನೊಂದು ಏರ್‌ಲೈನ್, ವೆಬ್‌ಸೈಟ್ ಎರಡನ್ನೂ ಜೋಡಿಸಿ ಒಂದೇ ಪ್ರಯಾಣದ ಥರ ತೋರ್ಸಿತ್ತು, ರೇಟೂ ಕಮ್ಮಿ ಇತ್ತು. ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಬರೆದಿತ್ತು. ನಾನು ಓದ್ದೆ, ಆದ್ರೆ ಲಗೇಜ್ ನಾವೇ ತಗೊಂಡು ಹೋಗ್ಬೇಕು, ಅಷ್ಟೇ ತಾನೇ ಅಂದ್ಕೊಂಡೆ. ಮಧ್ಯೆ 3 ಗಂಟೆ 20 ನಿಮಿಷ ಟೈಮ್ ಇದೆಯಲ್ಲ, ಸಾಕು ಅನ್ನಿಸ್ತು.

ಮೊದಲನೇ ಫ್ಲೈಟ್ ಬೆಳಗ್ಗೆ 9.30ಕ್ಕೆ ಇತ್ತು. ಚೆಕ್‌ಇನ್ ಆದ್ಮೇಲೆ ಬ್ಯಾಗ್ ತೆಗೀರಿ ಅಂತ ಕರೆದ್ರು, ಅಮ್ಮ ಪವರ್ ಬ್ಯಾಂಕ್‌ನ ಸೂಟ್‌ಕೇಸ್ ಒಳಗೆ ಹಾಕಿಬಿಟ್ಟಿದ್ರು (ಲಿಥಿಯಂ ಬ್ಯಾಟರಿ ಅಲ್ವಾ, ಅದು ಕೈಚೀಲದಲ್ಲೇ ಇರ್ಬೇಕು), ಅದು ಹತ್ತು ನಿಮಿಷದಲ್ಲಿ ಮುಗೀತು. ಆಮೇಲೆ ಗೇಟ್ ಹತ್ರ ಕೂತ್ರೆ ಬೋರ್ಡ್ ಮೇಲೆ ‘ಆನ್ ಟೈಮ್’, ಆದ್ರೆ ಹೊರಗಡೆ ವಿಮಾನವೇ ಇಲ್ಲ. ನಾವು ಹತ್ತಬೇಕಾದ ವಿಮಾನ ಇನ್ನೂ ಹಿಂದಿನ ಊರಿಂದ ಹೊರಟೇ ಇರ್ಲಿಲ್ಲ. ಫ್ಲೈಟ್‌ರಾಡಾರ್24 ಥರದ ಆಪ್‌ನಲ್ಲಿ ಯಾವ ವಿಮಾನ ಎಲ್ಲಿದೆ ಅಂತ ಕಾಣ್ಸುತ್ತೆ, ನಾನು ಆ ಹೊತ್ತಲ್ಲಿ ಬೋರ್ಡನ್ನೇ ನಂಬ್ಕೊಂಡು ಕೂತಿದ್ದೆ.

10.20ಕ್ಕೆ ಹತ್ತಿಸ್ಕೊಂಡ್ರು. ಬಾಗಿಲು ಹಾಕಿದ್ರು. ಈಗ ಹೊರಡುತ್ತೆ ಆಗ ಹೊರಡುತ್ತೆ ಅಂತ 55 ನಿಮಿಷ ಅಲ್ಲೇ ನಿಂತಿತ್ತು, ಟ್ರಾಫಿಕ್ ಕಂಟ್ರೋಲ್‌ನವರಿಂದ ಸ್ಲಾಟ್ ಸಿಕ್ಕಿಲ್ಲ ಅಂತ ಪೈಲಟ್ ಎರಡು ಸಲ ಹೇಳಿದ್ರು. ಈ 55 ನಿಮಿಷ ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಆಗ ನನ್ನ ಕೈಲಿ ಫೋನ್ ಇತ್ತು, ಸಿಗ್ನಲ್ ಇತ್ತು, ಎರಡನೇ ಏರ್‌ಲೈನ್‌ಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು. ಅದು ಯಾಕೆ ಅಂತ ಮುಂದೆ ಹೇಳ್ತೀನಿ. ನಾನು ಮಾಡಿದ್ದು ಏನು, ಅಕ್ಕಂಗೆ ಮೆಸೇಜ್ ಮಾಡ್ತಾ ಕೂತಿದ್ದು.

11.20ಕ್ಕೆ ಇಳೀಬೇಕಾದೋರು ಇಳಿದಿದ್ದು 1.05ಕ್ಕೆ. ಮುಂದಿನ ಫ್ಲೈಟ್ 2.40ಕ್ಕೆ. ಅಮ್ಮಂಗೆ ವೀಲ್‌ಚೇರ್ ಹೇಳಿದ್ವಿ, ವೀಲ್‌ಚೇರ್‌ನವರನ್ನ ಎಲ್ಲರೂ ಇಳಿದ್ಮೇಲೆ ಕೊನೇಗೆ ಇಳಿಸ್ತಾರೆ, ಅಲ್ಲಿಗೆ 20 ನಿಮಿಷ ಹೋಯ್ತು. ಬೆಲ್ಟ್ ಮೇಲೆ ಒಂದು ಬ್ಯಾಗ್ ಬಂತು, ಇನ್ನೊಂದು ಬರ್ಲಿಲ್ಲ, ಕಾದು ಕಾದು ಅದೂ ಬಂತು. ಹೊರಗೆ ಬಂದ್ರೆ ಇಂಟರ್‌ನ್ಯಾಷನಲ್ ಟರ್ಮಿನಲ್ಲೇ ಬೇರೆ, ಬಸ್‌ನಲ್ಲಿ ಹೋಗ್ಬೇಕು. ವೀಲ್‌ಚೇರ್ ತಳ್ತಿದ್ದ ಹುಡುಗ ಪಾಪ ಒಳ್ಳೆಯವನು, ಆದ್ರೆ ಅವನ ಡ್ಯೂಟಿ ಆ ಏರ್‌ಲೈನ್‌ಗೆ ಮಾತ್ರ, ಬಾಗಿಲವರೆಗೆ ಬಿಟ್ಟು ‘ಮುಂದೆ ನೀವು ಆ ಏರ್‌ಲೈನ್‌ನವರ ಹತ್ರ ಕೇಳ್ಬೇಕು’ ಅಂದ. ಒಂದೇ ಟಿಕೆಟ್ ಆಗಿದ್ರೆ ಈ ಸಹಾಯನ ಮುಂದಿನ ಗೇಟ್‌ವರೆಗೂ ಕೇಳಬಹುದಿತ್ತು. ಅಮ್ಮ ಆ ಮಂಡಿಯಲ್ಲೇ ನಡೆದ್ರು, ಒಂದು ಕೈ ನನ್ನ ಭುಜದ ಮೇಲೆ, ನಾನು ಎರಡು ಸೂಟ್‌ಕೇಸ್ ಎಳ್ಕೊಂಡು.

ಕೌಂಟರ್ ಮುಂದೆ ನಿಂತಾಗ 1.52. ಅವರು 60 ನಿಮಿಷ ಮುಂಚೆ, ಅಂದ್ರೆ 1.40ಕ್ಕೇ ಮುಚ್ಚಿದ್ರು. ಹಿಂದಿನ ದಿನವೇ ಆನ್‌ಲೈನ್ ಚೆಕ್‌ಇನ್ ಮಾಡಿದ್ದೆ, ಬೋರ್ಡಿಂಗ್ ಪಾಸ್ ಫೋನಲ್ಲಿದೆ ಅಂತ ತೋರ್ಸಿದೆ, ಆದ್ರೆ ಬ್ಯಾಗ್ ಹಾಕ್ಬೇಕು, ಪಾಸ್‌ಪೋರ್ಟ್ ವೀಸಾ ಅವರು ನೋಡ್ಬೇಕು, ಅದಾಗದೆ ಆ ಪಾಸ್‌ನಿಂದ ಏನೂ ಉಪಯೋಗ ಇಲ್ಲ. ಬ್ಯಾಗೆಲ್ಲ ಬಿಟ್ಟು ಹೋಗ್ತೀವಿ ಅಂತಾನೂ ಕೇಳ್ದೆ. ಆಗಲ್ಲ ಅಂದ್ರು. ಮೇಲೆ ಬೋರ್ಡ್‌ನಲ್ಲಿ ನಮ್ಮ ಫ್ಲೈಟ್ ಮುಂದೆ ‘ಬೋರ್ಡಿಂಗ್’ ಅಂತ ಮಿನುಗ್ತಾ ಇತ್ತು, ಅಮ್ಮ ಅದನ್ನೇ ನೋಡ್ತಾ ನಿಂತಿದ್ರು.

ಮೊದಲನೇ ಏರ್‌ಲೈನ್‌ನವರನ್ನ ಕೇಳಿದ್ರೆ ‘ನಿಮ್ಮ ಟಿಕೆಟ್ ಇಲ್ಲಿಗೇ ಮುಗೀತು, ನಿಮ್ಮನ್ನ ಇಲ್ಲಿಗೆ ತಂದು ಬಿಟ್ಟಿದ್ದೀವಿ’ ಅಂದ್ರು. ಎರಡನೇಯವರು ‘ನೀವು ಬರ್ಲಿಲ್ಲ, ನೋ ಶೋ’ ಅಂದ್ರು. ಇಬ್ಬರದೂ ಅವರವರ ಲೆಕ್ಕದಲ್ಲಿ ಸರಿ, ಮಧ್ಯೆ ಸಿಕ್ಕಿ ಹಾಕ್ಕೊಂಡಿದ್ದು ನಾವು. ಅಷ್ಟಕ್ಕೇ ಮುಗೀಲಿಲ್ಲ. ಹೋಗೋ ಟಿಕೆಟ್ ಹೋಯ್ತು, ವಾಪಸ್ ಬರೋದಾದ್ರೂ ಇದೆಯಲ್ಲ ಅಂತ ನಾನು ಸಮಾಧಾನ ಮಾಡ್ಕೊಳ್ತಿದ್ರೆ ಕೌಂಟರ್‌ನ ಮೇಡಂ ಹೇಳಿದ್ರು, ಒಂದು ಟಿಕೆಟ್‌ನಲ್ಲಿ ಮೊದಲನೇ ಪ್ರಯಾಣ ಮಾಡ್ದೆ ಇದ್ರೆ ಮುಂದಿನದೆಲ್ಲ ತಾನಾಗೇ ಕ್ಯಾನ್ಸಲ್ ಆಗುತ್ತೆ ಅಂತ. ನಮ್ಮಿಬ್ಬರ ರಿಟರ್ನೂ ಹೋಯ್ತು. ‘ಕೌಂಟರ್ ಮುಚ್ಚೋಕೆ ಮುಂಚೆ ಫೋನ್ ಮಾಡಿದ್ರೆ ಫೀ ತಗೊಂಡು ದಿನ ಬದಲಾಯಿಸಿ ಕೊಡ್ತಿದ್ವಿ, ಈಗ ನಿಮ್ಮ ಟಿಕೆಟ್‌ಗೆ ಅದೂ ಆಗಲ್ಲ’ ಅಂದ್ರು. ಆ 55 ನಿಮಿಷ ನೆನಪಾಯ್ತು.

ಹೊಸ ಟಿಕೆಟ್ ಎರಡು ದಿನ ಬಿಟ್ಟು ಸಿಕ್ತು, ಹಳೇದರ ಎರಡೂವರೆ ಪಟ್ಟು ಕೊಟ್ಟು. ಏರ್‌ಪೋರ್ಟ್ ಪಕ್ಕದ ರೂಮ್‌ನಲ್ಲಿ ಕೂತು ಕಾನ್ವೊಕೇಶನ್ ಫೋನ್‌ನಲ್ಲಿ ನೋಡಿದ್ವಿ. ಮೊಮ್ಮಗಳ ಹೆಸರು ಕರೆದಾಗ ವಿಡಿಯೋ ನಿಂತೋಯ್ತು, ಮತ್ತೆ ಬರೋಷ್ಟರಲ್ಲಿ ಅವಳು ಸ್ಟೇಜ್ ಇಳಿದಿದ್ಲು. ಅಮ್ಮ ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸ್ಕೊಂಡ್ರು, ಅಷ್ಟೇ.

ಹಾಗಾಗಿ ಕೇಳ್ಕೊಳ್ತೀನಿ, ದುಡ್ಡು ಕಟ್ಟೋಕೆ ಮುಂಚೆ ಎರಡೂ ಫ್ಲೈಟ್ ಒಂದೇ ಟಿಕೆಟಾ ಅಂತ ಟಿಕೆಟ್ ಮಾರೋ ಕಂಪನಿಯವರನ್ನ ಬಾಯಿಬಿಟ್ಟು ಕೇಳಿ. ಕಟ್ಟಿದ್ಮೇಲೆ ಈ-ಟಿಕೆಟ್ ನಂಬರ್ ನೋಡಿ, ಅದು 13 ಅಂಕಿ ಇರುತ್ತೆ, ಮೊದಲ 3 ಅಂಕಿ ಏರ್‌ಲೈನ್ ಕೋಡ್, ಒಬ್ಬರ ಎರಡು ಫ್ಲೈಟ್‌ಗೂ ಅದೇ ನಂಬರ್ ಇದ್ರೆ ಒಂದೇ ಟಿಕೆಟ್. ಪಿಎನ್‌ಆರ್ ಒಂದನ್ನೇ ನೋಡ್ಬೇಡಿ, ಒಂದೇ ಟಿಕೆಟ್ ಆದ್ರೂ ಏರ್‌ಲೈನ್ ಬೇರೆ ಇದ್ರೆ ಪಿಎನ್‌ಆರ್ ಬೇರೆ ಇರಬಹುದು. ಬ್ಯಾಗ್‌ಗೆ ಕಟ್ಟೋ ಚೀಟಿ ಮೇಲಿನ ಮೂರಕ್ಷರದ ಕೋಡ್ ಕೊನೇ ಊರಿನದ್ದಾ ಅಂತಾನೂ ನೋಡಿ. ವಿಮಾನ ಬದಲಾಯಿಸೋದು ಮೂರನೇ ದೇಶದಲ್ಲಾದ್ರೆ ಇನ್ನೂ ಕಷ್ಟ, ಬ್ಯಾಗ್ ತಗೋಳೋಕೆ ಇಮಿಗ್ರೇಶನ್ ದಾಟಬೇಕಾಗಿ ಆ ದೇಶದ ವೀಸಾನೇ ಬೇಕಾಗಬಹುದು. ಯುರೋಪಿಯನ್ ಯೂನಿಯನ್‌ನ 2004ರ 261ನೇ ನಿಯಮ ಪ್ರಯಾಣಿಕರ ಪರ ಇದೆ ಅಂತಾರೆ, 250ರಿಂದ 600 ಯೂರೋವರೆಗೂ ಪರಿಹಾರ ಇದೆ, ಅಲ್ಲೂ ಕೊನೇ ಊರಿಗೆ ಎಷ್ಟು ಲೇಟಾಗಿ ತಲುಪಿದ್ರಿ ಅನ್ನೋ ಲೆಕ್ಕ ಸಿಗೋದು ಎರಡೂ ಫ್ಲೈಟ್ ಒಂದೇ ಬುಕಿಂಗ್‌ನಲ್ಲಿದ್ರೆ ಮಾತ್ರ.

ಬೇರೆ ಬೇರೆ ಟಿಕೆಟ್ ತಗೊಂಡಾಗಿದೆ ಅನ್ನೋರು ಹಿಂದಿನ ದಿನವೇ ಹೋಗಿ ಅಲ್ಲಿ ಒಂದು ರಾತ್ರಿ ಉಳ್ಕೊಳ್ಳಿ. ಲೇಟಾಗೋ ಸೂಚನೆ ಕಂಡ ತಕ್ಷಣ ಮುಂದಿನ ಏರ್‌ಲೈನ್‌ಗೆ ಫೋನ್ ಮಾಡಿ, ಸೀಟಲ್ಲಿ ಕೂತಿದ್ರೂ ಬಾಗಿಲು ಹಾಕೋಕೆ ಮುಂಚೆ ಮಾಡಿ. ಇಳಿದ್ಮೇಲೆ ಮೊದಲನೇ ಏರ್‌ಲೈನ್‌ನಿಂದ ಲೇಟಾಗಿದ್ದಕ್ಕೆ ಒಂದು ಲೆಟರ್ ಬರೆಸ್ಕೊಳ್ಳಿ, ಇನ್ಶೂರೆನ್ಸ್‌ನವರು ಅದನ್ನ ಕೇಳ್ತಾರೆ. ನಾನು ಅವತ್ತು ಆ ಲೆಟರ್ ತಗೊಂಡಿರ್ಲಿಲ್ಲ, ಆಮೇಲೆ ಮೇಲ್ ಮೇಲೆ ಮೇಲ್ ಕಳ್ಸಿ ಮೂರು ವಾರಕ್ಕೆ ಸಿಕ್ತು, ಕ್ಲೇಮ್ ಇನ್ನೂ ಹಾಗೇ ಇದೆ.